ಬ್ಯಾಂಕಿನ ಸಾಲ ಹಕ್ಕಿನ ಖಾತರಿಯಲ್ಲ

‘ಬ್ಯಾಂಕಿನವರೇ ಸಾಲ ಕೊಡಲು ಒಪ್ಪಿದ್ದಾರೆ, ಇನ್ನು ಕಾಗದಪತ್ರ ನೋಡುವುದೇನಿದೆ?’ ಬೆಂಗಳೂರಿನಲ್ಲಿ ಮನೆ ಕೊಳ್ಳಲು ಹೊರಟ ಮಧ್ಯಮವರ್ಗದ ಕುಟುಂಬಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತಿದು. ಬಡಾವಣೆಗಳ ಜಾಹೀರಾತಿನಲ್ಲಿಯೂ ‘ಪ್ರಮುಖ ಬ್ಯಾಂಕುಗಳಿಂದ ಸಾಲಸೌಲಭ್ಯ’ ಎಂಬ ಸಾಲು ದಪ್ಪಕ್ಷರಗಳಲ್ಲಿಯೇ ಇರುತ್ತದೆ. ಬ್ಯಾಂಕಿನ ಒಪ್ಪಿಗೆಯೇ ಆಸ್ತಿಯ ಹಕ್ಕಿಗೆ ಪ್ರಮಾಣವೆಂಬ ಈ ನಂಬಿಕೆಗೆ ಕಾನೂನಿನಲ್ಲಿ ಆಧಾರವಿಲ್ಲ.

ಬ್ಯಾಂಕು ಪರಿಶೀಲಿಸುವುದು ತನ್ನ ಸಾಲದ ಭದ್ರತೆಯನ್ನು. ಅದರ ವಕೀಲರು ಅಭಿಪ್ರಾಯ ನೀಡುವುದು ಬ್ಯಾಂಕಿಗೇ ಹೊರತು ಸಾಲಗಾರನಿಗಲ್ಲ. ಆ ಪರಿಶೀಲನೆಯ ಶುಲ್ಕವನ್ನು ಸಾಲಗಾರನೇ ತೆತ್ತರೂ ವರದಿ ಅವನ ಕೈಸೇರುವುದು ಅಪರೂಪ. ನಾಳೆ ಮಾರಾಟಗಾರನ ಹಕ್ಕೇ ಸುಳ್ಳೆಂದು ತೀರ್ಮಾನವಾದರೆ ಮನೆ ಕೈತಪ್ಪುತ್ತದೆ. ಸಾಲ ಮಾತ್ರ ಉಳಿಯುತ್ತದೆ. ರಿಸರ್ವ್ ಬ್ಯಾಂಕಿನ ಮಿತಿಯಂತೆ 30 ಲಕ್ಷ ರೂಪಾಯಿಯೊಳಗಿನ ಸಾಲವು ಮನೆಯ ಬೆಲೆಯ ಶೇ 90ನ್ನೂ, 75 ಲಕ್ಷ ಮೀರಿದ ಸಾಲವು ಶೇ 75ನ್ನೂ ದಾಟುವಂತಿಲ್ಲ. ಉಳಿದ ಹಣ ಕೊಳ್ಳುವವನ ಉಳಿತಾಯ. ಮೊದಲು ಮುಳುಗುವುದೂ ಅದೇ.

ಹಾಗಾದರೆ ನೋಂದಣಿಯಾದ ಕ್ರಯಪತ್ರ ಸಾಲದೇ? ಸಾಲದು. ನೋಂದಣಾಧಿಕಾರಿ ದಾಖಲೆಯನ್ನು ನೋಂದಾಯಿಸುತ್ತಾನೆ, ಮಾರುವವನ ಹಕ್ಕನ್ನು ವಿಚಾರಿಸುವುದು ಅವನ ಕೆಲಸವಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಹೇಳಿತು. ಅದೇ ವರ್ಷ ನವೆಂಬರಿನಲ್ಲಿ ಬಿಹಾರದ ಪ್ರಕರಣದಲ್ಲಿಯೂ ನೋಂದಣಿಯೇ ಒಡೆತನದ ನಿರ್ಣಾಯಕ ಸಾಕ್ಷ್ಯವಲ್ಲವೆಂದು ನೆನಪಿಸಿತು. ಖಾತಾ ಕೂಡ ಮೂಲತಃ ತೆರಿಗೆಯ ದಾಖಲೆ. ಅದು ಇ-ಖಾತಾ ಆದರೂ ಒಡೆತನವನ್ನು ಸೃಷ್ಟಿಸಲಾರದು. ಬ್ಯಾಂಕು, ಉಪನೋಂದಣಿ ಕಚೇರಿ, ಪಾಲಿಕೆ ಮೂರೂ ತಮ್ಮ ತಮ್ಮ ಕೆಲಸ ಮುಗಿಸಿದ ಮೇಲೂ ‘ಇದು ನಿನ್ನದೇ’ ಎಂದು ಹೊಣೆ ಹೊರುವವರು ಯಾರೂ ಇಲ್ಲ.

ಆದ್ದರಿಂದ ಕೊಳ್ಳುವವನು ಸ್ವತಂತ್ರ ವಕೀಲರಿಂದ ಮೂಲಪತ್ರದಿಂದ ಇಂದಿನವರೆಗಿನ ಹಕ್ಕಿನ ಸರಪಳಿಯನ್ನು ಪರಿಶೀಲಿಸಿಕೊಳ್ಳಬೇಕು. 30 ವರ್ಷಗಳ ಋಣಭಾರ ಪ್ರಮಾಣಪತ್ರ ಅಗತ್ಯ, ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಡಿ ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿಟ್ಟರೇ ಅಡಮಾನವಾಗುತ್ತದೆ. ಅದು ನೋಂದಣಿಯಾಗದಿದ್ದರೆ ಪ್ರಮಾಣಪತ್ರದಲ್ಲಿ ಸುಳಿವೂ ಸಿಗದು. ಇಂಥ ಅಡಮಾನಗಳನ್ನು ದಾಖಲಿಸಲೆಂದೇ 2011ರಲ್ಲಿ ಆರಂಭವಾದ ‘ಸರ್ಸಾಯ್’ ಕೇಂದ್ರ ನೋಂದಣಿ ವ್ಯವಸ್ಥೆಯಲ್ಲಿ ಅಲ್ಪ ಶುಲ್ಕಕ್ಕೆ ಯಾರು ಬೇಕಾದರೂ ಹುಡುಕಬಹುದು.

ಕರ್ನಾಟಕದಲ್ಲಿ ಇನ್ನೊಂದು ಎಚ್ಚರ ಬೇಕು. ಜಮೀನು ಹಿಂದೆ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಪೂರ್ವಾನುಮತಿಯಿಲ್ಲದ ಮಾರಾಟ ಶೂನ್ಯ. ಜಮೀನನ್ನು ಮರಳಿ ಕೋರಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ಕೇವಲ ಜಿಪಿಎ ಆಧಾರದ ‘ಮಾರಾಟ’ಗಳಿಂದ ಒಡೆತನ ಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ತೀರ್ಪಿತ್ತಿದೆ. ಕಂದಾಯ ನಿವೇಶನಗಳನ್ನು ಕೊಳ್ಳುವವರು ಇದನ್ನು ಮರೆಯಬಾರದು.

ಅಪಾರ್ಟ್‌ಮೆಂಟುಗಳ ವಿಷಯದಲ್ಲಿ ತೊಡಕು ಬೇರೆ ಬಗೆಯದು. ನಿರ್ಮಾಪಕ ಇಡೀ ಯೋಜನೆಯನ್ನೇ ಅಡವಿಟ್ಟು ಸಾಲ ಪಡೆದಿರಬಹುದು. ಆ ಸಾಲದಾತರ ನಿರಾಕ್ಷೇಪಣಾ ಪತ್ರವಿಲ್ಲದೆ ಮುಂದುವರಿಯಬಾರದು. 2016ರ ರೇರಾ ಕಾಯ್ದೆ ಇಲ್ಲಿ ಸ್ವಲ್ಪ ರಕ್ಷಣೆ ನೀಡಿದೆ. ನೋಂದಾಯಿತ ಮಾರಾಟ ಕರಾರಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕರಾರಿನ ನಂತರ ನಿರ್ಮಾಪಕ ಆ ಮನೆಯನ್ನು ಅಡವಿಟ್ಟರೂ ಅದು ಕೊಂಡವನ ಹಕ್ಕಿಗೆ ಬಾಧಕವಲ್ಲ. ಮನೆ ಸಕಾಲಕ್ಕೆ ಸಿಗದಿದ್ದರೆ ಬಡ್ಡಿಸಹಿತ ಹಣ ಹಿಂಪಡೆಯಬಹುದು. ಆದರೆ ಅಲ್ಲಿಯವರೆಗೆ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಕಾಮಗಾರಿಯ ಹಂತಕ್ಕೆ ತಕ್ಕಂತೆ ಮಾತ್ರ ಸಾಲದ ಹಣ ಬಿಡುಗಡೆ ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಸೂಚಿಸಿತ್ತು. ಆದರೂ ಕಟ್ಟಡ ಏಳದಿದ್ದಾಗ ಸಾಲದ ಹೊರೆ ಹೊತ್ತವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು. ನಿರ್ಮಾಪಕರು ಮತ್ತು ಬ್ಯಾಂಕುಗಳ ಒಳಸಂಬಂಧದ ಬಗ್ಗೆ 2025ರಲ್ಲಿ ನ್ಯಾಯಾಲಯ ಸಿಬಿಐ ತನಿಖೆಗೆ ಆದೇಶಿಸಿತು.

ಕಂತು ತಪ್ಪಿದಾಗ ಬ್ಯಾಂಕಿನ ಕೈ ಎಷ್ಟು ಬಲವಾದುದೆಂಬುದು 2002ರ ಸರ್ಫೇಸಿ ಕಾಯ್ದೆಯಲ್ಲಿ ಕಾಣುತ್ತದೆ. ಸಾಲ 90 ದಿನ ಬಾಕಿಯುಳಿದು ವಸೂಲಾಗದ ಸಾಲವೆಂದು ವರ್ಗೀಕರಣಗೊಂಡರೆ, 60 ದಿನಗಳ ನೋಟಿಸ್ ನೀಡಿ ಮೊಕದ್ದಮೆಯಿಲ್ಲದೆಯೇ ಮನೆಯನ್ನು ವಶಪಡಿಸಿಕೊಳ್ಳುವ ಕ್ರಮಕ್ಕೆ ಮುಂದಾಗಬಹುದು. ಸಾಲಗಾರ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಯ ಮೊರೆಹೋಗಬೇಕು. ನೋಟಿಸಿಗೆ ಉತ್ತರಿಸದೆ ಸುಮ್ಮನಿರುವುದೇ ಹಲವರು ಮಾಡುವ ತಪ್ಪು. ಸಾಲ ತೀರಿಸಿದವರಿಗೂ ಒಂದು ಹಕ್ಕಿದೆ. 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದ ನಿಯಮದಂತೆ ಮೂಲ ದಾಖಲೆಗಳನ್ನು 30 ದಿನಗಳಲ್ಲಿ ಮರಳಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ಇಷ್ಟೆಲ್ಲ ಎಚ್ಚರವನ್ನು ಜೀವಮಾನದಲ್ಲಿ ಒಮ್ಮೆ ಮನೆ ಕೊಳ್ಳುವ ಸಾಮಾನ್ಯನಿಂದ ನಿರೀಕ್ಷಿಸುವ ವ್ಯವಸ್ಥೆ, ದಿನವೂ ನೂರಾರು ಕಡತಗಳನ್ನು ನೋಡುವ ಬ್ಯಾಂಕಿನಿಂದ ಏನನ್ನು ನಿರೀಕ್ಷಿಸುತ್ತಿದೆ? ಸ್ವಾಧೀನಾನುಭವ ಪ್ರಮಾಣಪತ್ರ ಪರಿಶೀಲಿಸಿಯೇ ಕಟ್ಟಡದ ಮೇಲೆ ಸಾಲ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ನಿರ್ದೇಶಿಸಿತು. ಮರುತಿಂಗಳೇ ಮತ್ತೊಂದು ಪ್ರಕರಣದಲ್ಲಿ, ಹಕ್ಕುಶೋಧನಾ ವರದಿಗೆ ಏಕರೂಪದ ಮಾದರಿ ಬೇಕು, ಸಾಲ ಮಂಜೂರು ಮಾಡುವ ಅಧಿಕಾರಿಯ ಹೊಣೆಯೂ ನಿಗದಿಯಾಗಬೇಕು ಎಂದಿತು.

ಆ ಮಾತು ನಿಯಮವಾಗಬೇಕು. ಮೊದಲ ಹೆಜ್ಜೆಯೇನೂ ಕಷ್ಟದ್ದಲ್ಲ: ಸಾಲಗಾರನ ಹಣದಿಂದ ಸಿದ್ಧವಾದ ಕಾನೂನು ವರದಿಯ ಪ್ರತಿಯನ್ನು ಕ್ರಯಪತ್ರಕ್ಕೆ ಮೊದಲೇ ಅವನಿಗೆ ಕೊಡುವುದನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಲಿ. 20 ವರ್ಷ ಕಂತು ಕಟ್ಟುವವನಿಗೆ ತಾನು ಕೊಳ್ಳುವುದೇನೆಂದು ತಿಳಿಯುವ ಹಕ್ಕಾದರೂ ಇರಲಿ.