ಹಲಗೆಯ ಮುಂದೆ ನಿಲ್ಲಬೇಕಾದವರು

ರಾಷ್ಟ್ರೀಯ ಶಿಕ್ಷಣ ನೀತಿ ಹೊರಬಿದ್ದ ಮರುವರ್ಷ, 1987ರಲ್ಲಿ, ಪ್ರತಿಯೊಂದು ಪ್ರಾಥಮಿಕ ಶಾಲೆಗೂ ಎರಡು ಕೊಠಡಿಗಳೂ ಇಬ್ಬರು ಉಪಾಧ್ಯಾಯರೂ ಕರಿಹಲಗೆ ಮೊದಲಾದ ಪಾಠೋಪಕರಣಗಳೂ ಇರಲೇಬೇಕೆಂದು ಸಂಕಲ್ಪಿಸಿ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆಯನ್ನು ಕೈಗೊಂಡ ಕೇಂದ್ರ ಸರ್ಕಾರವು, 2019ರಲ್ಲಿ ‘ಆಪರೇಷನ್ ಡಿಜಿಟಲ್ ಬೋರ್ಡ್’ ಎಂಬ ಮತ್ತೊಂದಕ್ಕೆ ಚಾಲನೆ ನೀಡಿತು. ಹಲಗೆಯ ಜೊತೆಗೆ ಉಪಾಧ್ಯಾಯರನ್ನೂ ಒದಗಿಸಬೇಕೆಂದ ಹಿಂದಿನವರ ವಿವೇಕವನ್ನು, ಸ್ಮಾರ್ಟ್ ಬೋರ್ಡುಗಳನ್ನು ಶಾಲೆಗಳಿಗೆ ಹಂಚುತ್ತಿರುವ ಇಂದಿನವರು ಮರೆಯಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ನೂತನ ಸಾಧನದ ಉಪಯುಕ್ತತೆಯನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ತ್ರಿಭುಜದ ಶೃಂಗವೊಂದನ್ನು ಬೆರಳಿನಿಂದ ಎಳೆದು ಆಕೃತಿಯನ್ನು ಎಷ್ಟು ಬಗೆಯಾಗಿ ಮಾರ್ಪಡಿಸಿದರೂ ಮೂರು ಕೋನಗಳ ಮೊತ್ತ 180 ಡಿಗ್ರಿಯಾಗಿಯೇ ಉಳಿಯುವುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿನಿಗೆ, ಆ ಪ್ರಮೇಯವು ಕಂಠಪಾಠದ ವಾಕ್ಯವಾಗಿರದೆ ತಾನೇ ಪರೀಕ್ಷಿಸಿ ಅರಿತ ಸತ್ಯವಾಗುತ್ತದೆ. ಆದರೆ ಶೃಂಗವನ್ನು ಎಳೆಯುವ ಬೆರಳು ಅವಳದಾಗಿರಬೇಕು; ಉಪಾಧ್ಯಾಯರೇ ಎಳೆದು ತೋರಿಸಿ ಮುಂದಿನ ಪಾಠಕ್ಕೆ ಸಾಗಿದರೆ ಅದು ಕೇವಲ ಪ್ರದರ್ಶನ.

ಇದು ಬರಿಯ ಆಶಂಕೆಯಲ್ಲ. ಈ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಸರ್ಕಾರವು ವಿಪುಲವಾದ ಧನವನ್ನು ವ್ಯಯಿಸಿ ಶಾಲೆಗಳಲ್ಲಿ ಇಂಥ ಹಲಗೆಗಳನ್ನು ಸ್ಥಾಪಿಸಿತು. ಲಂಡನ್ನಿನ ಪ್ರೌಢಶಾಲೆಗಳಲ್ಲಿ ಅವುಗಳ ಪರಿಣಾಮವನ್ನು ಪರಿಶೀಲಿಸಿ 2007ರಲ್ಲಿ ಪ್ರಕಟವಾದ ವರದಿಯು, ಮೊದಲ ವರ್ಷದಲ್ಲಿ ವಿದ್ಯಾರ್ಥಿಗಳ ಕಲಿಕೆಯ ಮಟ್ಟ ಅವುಗಳಿಂದ ಏರಿದುದಕ್ಕೆ ಆಧಾರ ಕಾಣಲಿಲ್ಲ. ಪ್ರಾಥಮಿಕ ಶಾಲೆಗಳನ್ನು ಕುರಿತು 2006ರಲ್ಲಿ ಹೊರಬಂದ ಅಧ್ಯಯನವೊಂದು, ಪಾಠದ ಗತಿ ತ್ವರಿತವಾಯಿತಾದರೂ ಬೋಧನೆಯ ಮೂಲಸ್ವರೂಪ ಹೆಚ್ಚೇನೂ ಬದಲಾಗಲಿಲ್ಲವೆಂದು ಕಂಡುಕೊಂಡಿತು.

ನಮ್ಮ ನಾಡಿನಲ್ಲಿಯೇ ಇದಕ್ಕಿಂತ ಮೇಲಾದ ಮೇಲ್ಪಂಕ್ತಿಯುಂಟು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಉಪಾಧ್ಯಾಯರ ಶ್ರದ್ಧೆಯಿಂದ ಮೊಳೆತ ‘ನಲಿ-ಕಲಿ’ ಪದ್ಧತಿಯಲ್ಲಿ, ನೆಲದ ಮೇಲೆ ಕುಳಿತ ಮಗುವಿನ ಕೈಗೆಟುಕುವಂತೆ ಗೋಡೆಯ ಕೆಳಭಾಗದಲ್ಲಿ ಕಪ್ಪುಪಟ್ಟಿ ಬಳಿದು, ಪ್ರತಿಯೊಬ್ಬರಿಗೂ ಬರೆಯಲು ಸ್ವಂತ ಸ್ಥಳ ಕಲ್ಪಿಸಲಾಯಿತು. ಅಲ್ಪವ್ಯಯದ ಆ ಪಟ್ಟಿ ಫಲಿಸಿದುದು, ಅದರ ಹಿಂದೆ ಮಗುವೇ ಕಲಿಕೆಯ ಕರ್ತೃವೆಂಬ ತತ್ತ್ವವೂ ಆ ತತ್ತ್ವವನ್ನು ಮನಗಂಡು ಕಲಿಸುವ ಉಪಾಧ್ಯಾಯರೂ ಇದ್ದುದರಿಂದ.

ಆದುದರಿಂದ ಆಯವ್ಯಯದಲ್ಲಿ ಹಲಗೆಯ ಬೆಲೆಯನ್ನು ಬರೆಯುವಾಗಲೇ ಉಪಾಧ್ಯಾಯರ ದೀರ್ಘಕಾಲದ ತರಬೇತಿಗೆ, ಕನ್ನಡದಲ್ಲಿಯೇ ಸಿದ್ಧಪಡಿಸತಕ್ಕ ಪಾಠಸಾಮಗ್ರಿಗೆ, ವಿದ್ಯುತ್ತಿಗೆ, ದುರಸ್ತಿಗೆ ಹಣವನ್ನು ಮೀಸಲಿಡತಕ್ಕದ್ದು. ಇವಿಲ್ಲದ ಶಾಲೆಗೆ ಹಲಗೆಯನ್ನು ಮಾತ್ರ ಕಳುಹಿಸುವುದು ಜನರ ತೆರಿಗೆಯ ದುರ್ವ್ಯಯ. ತಪಾಸಣೆಗೆಂದು ಬರುವ ಅಧಿಕಾರಿಗಳು ಎಷ್ಟು ಹಲಗೆಗಳನ್ನು ಅಳವಡಿಸಲಾಯಿತೆಂದು ಲೆಕ್ಕ ಕೇಳಿದರೆ ಸಾಲದು. ಈ ವಾರ ಎಷ್ಟು ಮಕ್ಕಳು ಎದ್ದು ಬಂದು ಅದರ ಮೇಲೆ ಬರೆದರು, ತಪ್ಪಿದಾಗ ತಿದ್ದಿಕೊಳ್ಳಲು ಅವರಿಗೆ ಎಷ್ಟು ಅವಕಾಶ ದೊರೆಯಿತು ಎಂಬುದನ್ನೂ ಕೇಳಿ ದಾಖಲಿಸಿಕೊಳ್ಳಬೇಕು.