ಸೂಪರ್‌ಹೀರೋಗೂ ಅಮ್ಮಿ ಬೇಕು

ಸೂಪರ್‌ಹೀರೋಗಳಲ್ಲಿ ಹಲವರು ಅನಾಥರು. ಸೂಪರ್‌ಮ್ಯಾನ್ ಹುಟ್ಟಿದ ಗ್ರಹವೇ ಸಿಡಿದುಹೋಯಿತು. ಬ್ಯಾಟ್‌ಮ್ಯಾನ್‌ನ ತಂದೆ ತಾಯಿ ಗುಂಡೇಟಿಗೆ ಸತ್ತರು. ಸ್ಪೈಡರ್‌ಮ್ಯಾನ್‌ನನ್ನು ಸಾಕಿದ ದೊಡ್ಡಪ್ಪನೂ ಉಳಿಯಲಿಲ್ಲ. ಕಥೆ ಬರೆಯುವವರಿಗೆ ಇದು ಅನುಕೂಲ. ರಾತ್ರಿ ಹಾರಿಹೋಗುವ ನಾಯಕನನ್ನು "ಎಲ್ಲಿಗೆ ಹೊರಟೆ?" ಎಂದು ಕೇಳುವವರೇ ಇರುವುದಿಲ್ಲ.

2022ರ ಜೂನ್‌ನಲ್ಲಿ ಡಿಸ್ನಿ ಪ್ಲಸ್‌ನಲ್ಲಿ ಶುರುವಾದ ಆರು ಕಂತುಗಳ ‘ಮಿಸ್ ಮಾರ್ವೆಲ್’ ಸರಣಿಯಲ್ಲಿ ಹಾಗೆ ಕೇಳುವವರು ಮನೆ ತುಂಬ ಇದ್ದಾರೆ. ಅಮೆರಿಕದ ಜರ್ಸಿ ಸಿಟಿಯಲ್ಲಿರುವ ಕಮಲಾ ಖಾನ್‌ಗೆ ಹದಿನಾರು ವರ್ಷ. ಅಮ್ಮಿ, ಅಬ್ಬು, ಅಣ್ಣ ಜೊತೆಗಿದ್ದಾರೆ, ಕರಾಚಿಯಲ್ಲಿ ನಾನಿ ಇದ್ದಾರೆ. ಈ ಪಾತ್ರ ಮೊದಲು ಬಂದದ್ದು ಕಾಮಿಕ್ಸ್‌ನಲ್ಲಿ. 2014ರಲ್ಲಿ ಅವಳದೇ ಪುಸ್ತಕ ಆರಂಭವಾಯಿತು. ಅದನ್ನು ರೂಪಿಸಿದವರಲ್ಲಿ ಸಂಪಾದಕಿ ಸನಾ ಅಮಾನತ್ ಒಬ್ಬರು. ಅವರು ಅಂಥದೇ ಮನೆಯಲ್ಲಿ ಬೆಳೆದವರು.

ಈ ಸರಣಿಯ ಹೊಸತನ ಇರುವುದು ಶಕ್ತಿಯಲ್ಲಲ್ಲ, ಮನೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಕೈಯಿಂದ ಬೆಳಕು ಹೊರಡುವುದನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಆದರೆ ಮಗಳು ಅಭಿಮಾನಿಗಳ ಮೇಳಕ್ಕೆ ಹೋಗುತ್ತೇನೆಂದಾಗ, ತಾನೂ ಜೊತೆಗೆ ಬರಲು ಹಸಿರು ಬಣ್ಣ ಬಳಿದುಕೊಂಡು ಹಲ್ಕ್ ಆಗಿ ನಿಲ್ಲುವ ಅಬ್ಬುವನ್ನು ಎಲ್ಲಿ ನೋಡಿದ್ದೇವೆ? ನಾಚಿಕೆಯಿಂದ ಮಗಳು ಬೇಡವೆಂದಾಗ ಅವರ ಮುಖ ಬಾಡುವುದು ಯಾವ ಹೊಡೆದಾಟಕ್ಕಿಂತಲೂ ಹೆಚ್ಚು ನೋಯಿಸುತ್ತದೆ.

"ಇದೇನು, ಸಂಜೆ ಧಾರಾವಾಹಿಯ ಅಳು" ಎಂದು ಕೆಲವು ಗೆಳೆಯರು ನಗುತ್ತಾರೆ. ನಾನು ಒಪ್ಪುವುದಿಲ್ಲ. ಅಮ್ಮಿಯ ಭಯಕ್ಕೆ ಇಲ್ಲಿ ಕಾರಣವಿದೆ. 1947ರ ವಿಭಜನೆಯ ಸಮಯದಲ್ಲಿ, ರೈಲು ನಿಲ್ದಾಣದ ನೂಕುನುಗ್ಗಲಿನಲ್ಲಿ ನಾನಿ ಕೈತಪ್ಪಿಹೋದ ಪುಟ್ಟ ಮಗು. ಅಂದು ಬಿದ್ದ ಪೆಟ್ಟು ನಾನಿಯಿಂದ ಅಮ್ಮಿಗೆ, ಅಮ್ಮಿಯಿಂದ ಕಮಲಾಗೆ ಇಳಿದುಬಂದಿದೆ. ಅವಳ ಶಕ್ತಿಯನ್ನು ಎಬ್ಬಿಸುವ ಬಳೆಯೂ ಆ ಮನೆತನದ್ದೇ. ಮನೆಯ ಜಗಳ ತೆಗೆದುಹಾಕಿದರೆ ಕಥೆಯೇ ಉಳಿಯುವುದಿಲ್ಲ.

ಸರಣಿ ಸೋಲುವುದು ಬೇರೆಯವರಂತೆ ಆಗಲು ಹೋದಾಗ. ಜಿನ್ನ್‌ಗಳ ಹೆಸರಿನಲ್ಲಿ ಬರುವ ಖಳರು ಅವಸರದಲ್ಲಿ ಬಂದು ಅವಸರದಲ್ಲೇ ಮುಗಿಯುತ್ತಾರೆ. ಆ ಜಾಗದಲ್ಲಿ ಬೇರೆ ಯಾವ ಖಳರನ್ನು ಇಟ್ಟರೂ ನಡೆಯುತ್ತಿತ್ತು. ಆದರೆ ಅಮ್ಮಿಯ ಜಾಗದಲ್ಲಿ ಇನ್ನೊಬ್ಬರನ್ನು ಇಡಲಾಗದು.

ಇದು ನಮಗೇಕೆ ಮುಖ್ಯ? ಉರ್ದು ಮಾತಾಡುವ ನಮ್ಮಂಥ ಮನೆಗಳು ತೆರೆಯ ಮೇಲೆ ಬರುವುದೇ ಕಡಿಮೆ. ಬಂದರೂ ಹಬ್ಬದ ಬಿರಿಯಾನಿಗೋ, ಪೊಲೀಸರ ಹುಡುಕಾಟಕ್ಕೋ. ಸಿದ್ದರಬೆಟ್ಟದ ಸುತ್ತಿನ ಊರುಗಳಿಂದ ಬಿ.ಕಾಂ. ಓದಲು ತುಮಕೂರಿಗೆ ಹೋಗುತ್ತೇನೆ ಎಂದು ಒಬ್ಬ ಹುಡುಗಿ ಹೇಳಿದ ದಿನ ಮನೆಯಲ್ಲಿ ನಡೆಯುವ ಮಾತುಕತೆ ಯಾವ ಕಥೆಯಲ್ಲಿದೆ? ಬಸ್ಸು ಎಷ್ಟು ಗಂಟೆಗೆ, ಜೊತೆಗೆ ಯಾರು, ಕತ್ತಲಾದರೆ ಏನು? ಬೇಡವೆನ್ನುವ ಅಮ್ಮಿ ಅಲ್ಲಿ ಖಳನಾಯಕಿಯಲ್ಲ. ಹೋಗಬೇಕೆನ್ನುವ ಮಗಳೂ ತಪ್ಪಿತಸ್ಥೆಯಲ್ಲ. ಇಬ್ಬರನ್ನೂ ಗೌರವದಿಂದ ತೋರಿಸುವುದೇ ಕಷ್ಟ. ಕಮಲಾಳ ಕಥೆ ಅದನ್ನು ಮಾಡಿದೆ. ಮೊದಲು ಹೊರಗೆ ಬಿಡಲು ಹಿಂಜರಿದ ಅಮ್ಮಿಯೇ ಕೊನೆಯ ಕಂತಿನಲ್ಲಿ ಮಗಳಿಗೆ ಸೂಪರ್‌ಹೀರೋ ಉಡುಪು ಕೊಡುತ್ತಾರೆ. ಉರ್ದುವಿನಲ್ಲಿ ‘ಕಮಾಲ್’ ಎಂದರೆ ಅದ್ಭುತ, ‘ಮಾರ್ವೆಲ್’ ಎಂದರೂ ಅದೇ ಎಂದು ಅಬ್ಬು ನೆನಪಿಸುತ್ತಾರೆ. ಅವಳು ಹೊರಗೆ ಹುಡುಕುತ್ತಿದ್ದ ಹೆಸರು ಮನೆಯಲ್ಲೇ ಇತ್ತು.

ಕಾಲೇಜು ವಾರ್ಷಿಕೋತ್ಸವದ ನಾಟಕಕ್ಕೆ ನಾವೂ ಒಬ್ಬ ಸೂಪರ್‌ಹೀರೋ ಹುಡುಗಿಯನ್ನು ಬರೆಯಬಹುದು. ಮನೆಯಲ್ಲಿ ಉರ್ದು, ತರಗತಿಯಲ್ಲಿ ಕನ್ನಡ ಮಾತಾಡಲಿ. ಮಧುಗಿರಿ ಕೋಟೆಯ ಬಂಡೆ ಹತ್ತಲಿ. ಹಾರುವುದು ಹೇಗೆಂದು ಆಮೇಲೆ ಯೋಚಿಸೋಣ. ಹೊರಡುವಾಗ ಅವಳ ಅಮ್ಮಿ ಏನು ಹೇಳುತ್ತಾರೆ ಎಂಬುದನ್ನು ಮೊದಲು ಬರೆಯೋಣ.