ವಿಸಿಟ್ ವೀಸಾದ ದಂಧೆ ಮತ್ತು ಜಮಾಅತ್‌ಗಳ ಹೊಣೆ

ಹಲಾಲ್ ಸಂಪಾದನೆಗಾಗಿ ದೇಶಾಂತರ ಹೋಗುವುದು ತಪ್ಪಲ್ಲ; ಇಸ್ಲಾಮ್ ಅದನ್ನು ಪ್ರೋತ್ಸಾಹಿಸುತ್ತದೆ. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಯುವಕರು ಯಾವ ಭರವಸೆಯ ಮೇಲೆ ಕೊಲ್ಲಿ ರಾಷ್ಟ್ರಗಳಿಗೆ ಹೊರಡುತ್ತಿದ್ದಾರೆ ಎಂಬುದನ್ನು ಸಮುದಾಯವು ಗಂಭೀರವಾಗಿ ಪರಿಶೀಲಿಸಬೇಕಾಗಿದೆ.

ಅವರು ಹೊರಡುವುದಕ್ಕೆ ಕಾರಣಗಳಿವೆ. ಮಗ್ಗದ ಕೂಲಿ ಸಂಸಾರಕ್ಕೆ ಸಾಲದು. ಕಬ್ಬಿನ ಕಟಾವು ವರ್ಷದ ಕೆಲವೇ ತಿಂಗಳ ಕೆಲಸ. ಬೀಳಗಿಯ ಭಾಗದಲ್ಲಿ ಆಲಮಟ್ಟಿಯ ಹಿನ್ನೀರು ಹೊಲಗಳನ್ನೇ ನುಂಗಿದೆ. ಭಟ್ಕಳ, ಮಂಗಳೂರಿನ ಯುವಕನಿಗೆ ದುಬೈಯಲ್ಲಿ ತಂಗಲು ಬಂಧುವಿನ ಕೋಣೆಯಾದರೂ ಸಿಕ್ಕೀತು. ನಮ್ಮ ಈ ತಾಲೂಕುಗಳ ಯುವಕನ ಜೇಬಿನಲ್ಲಿರುವುದು ಹೆಚ್ಚಾಗಿ ಏಜೆಂಟನ ಫೋನ್ ನಂಬರ್ ಮಾತ್ರ.

1983ರ ವಲಸೆ ಕಾಯ್ದೆಯ ಪ್ರಕಾರ ನೋಂದಾಯಿತ ಏಜೆಂಟರು ಮಾತ್ರ ವಿದೇಶಿ ಉದ್ಯೋಗಕ್ಕೆ ಜನರನ್ನು ಕಳುಹಿಸಬಹುದು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ. ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿಗೆ ಉದ್ಯೋಗಕ್ಕಾಗಿ ತೆರಳುವಾಗ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಯ ಅನುಮತಿ ಪಡೆಯಬೇಕು. ವಿಸಿಟ್ ವೀಸಾದಲ್ಲಿ ಹೊರಟವನಿಗೆ ಈ ತಪಾಸಣೆಯಿಲ್ಲ. ದಂಧೆ ನಡೆಯುವುದು ಈ ಕಿಂಡಿಯಲ್ಲೇ.

ಯುಎಇಯಲ್ಲಿ ವಿಸಿಟ್ ವೀಸಾದ ಮೇಲೆ ದುಡಿಯುವುದು ಕಾನೂನುಬಾಹಿರ. ಸಿಗುವ ಅವಧಿ ಸಾಮಾನ್ಯವಾಗಿ 30 ಇಲ್ಲವೇ 60 ದಿನ; ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ. ಅಷ್ಟರೊಳಗೆ ಆತ ಅಪರಿಚಿತ ನಗರದಲ್ಲಿ ಬಯೋಡಾಟಾ ಹಿಡಿದು ಬಾಗಿಲು ಬಾಗಿಲು ಅಲೆಯಬೇಕು. ಎಲ್ಲೆಡೆ ಎದುರಾಗುವ ಪ್ರಶ್ನೆ ಒಂದೇ: ಗಲ್ಫ್‌ನಲ್ಲಿ ದುಡಿದ ಅನುಭವವಿದೆಯೇ? ಸೌದಿ ಅರೇಬಿಯಾ 2011ರಲ್ಲಿ ನಿತಾಕತ್ ಜಾರಿಗೊಳಿಸಿ ಸ್ವದೇಶಿಗಳಿಗೆ ಉದ್ಯೋಗ ಮೀಸಲಿಡತೊಡಗಿದ ಮೇಲೆ ಅಲ್ಲಿಯೂ ಹಳೆಯ ದಿನಗಳು ಉಳಿದಿಲ್ಲ.

ದುರಂತವೇನೆಂದರೆ, ಈ ಸತ್ಯ ಊರಿಗೆ ತಲುಪುವುದೇ ಇಲ್ಲ. ಸಾಲ ಮಾಡಿ ಹೋದವನು ಅಮ್ಮನೊಂದಿಗೆ ಫೋನಿನಲ್ಲಿ ಮಾತನಾಡುವಾಗ ಕೆಲಸ ಸಿಕ್ಕಿದೆ ಎನ್ನುತ್ತಾನೆ. ಆ ಮಾತನ್ನು ನಂಬಿ ಪಕ್ಕದ ಮನೆಯವರು ಬಂಗಾರ ಒತ್ತೆಯಿಟ್ಟು ತಮ್ಮ ಮಗನನ್ನೂ ಕಳುಹಿಸುತ್ತಾರೆ. ಬರಿಗೈಯಲ್ಲಿ ಮರಳಿದವನನ್ನು ಹಂಗಿಸುವ ಸಮಾಜವೇ ಆತನ ಬಾಯಿ ಮುಚ್ಚಿಸುತ್ತದೆ. ಏಜೆಂಟನಿಗೆ ಇದಕ್ಕಿಂತ ಅಗ್ಗದ ಜಾಹೀರಾತು ಬೇರೆ ಬೇಕೇ?

ತಾಲೂಕಿನಲ್ಲೇ ಉದ್ಯೋಗ ಸೃಷ್ಟಿಸುವುದು ಸರಕಾರದ ಕರ್ತವ್ಯ. ಅದನ್ನು ನಾವು ಒತ್ತಾಯಿಸುತ್ತಲೇ ಇರಬೇಕು. ಆದರೆ ಜಮಾಅತ್‌ಗಳು ಅಲ್ಲಿಯ ತನಕ ಕಾಯಬೇಕಾಗಿಲ್ಲ. ಪ್ರತಿ ಜುಮಾದ ಬಳಿಕ ಮಸೀದಿಯಲ್ಲಿ ವಿದ್ಯಾವಂತನೊಬ್ಬ ಒಂದು ಗಂಟೆ ಕುಳಿತರೆ ಸಾಕು. ಏಜೆಂಟನ ಹೆಸರು ಕೇಂದ್ರ ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ, ಕೈಯಲ್ಲಿರುವುದು ಉದ್ಯೋಗ ವೀಸಾವೋ ವಿಸಿಟ್ ವೀಸಾವೋ, ಒಪ್ಪಂದದಲ್ಲಿ ಸಂಬಳ ನಮೂದಾಗಿದೆಯೇ ಎಂದು ನೋಡಿ ಹೇಳಬಹುದು. ನಿಕಾಹ್‌ಗೆ ಮುನ್ನ ವರನ ಬಗ್ಗೆ ಹತ್ತು ಕಡೆ ವಿಚಾರಿಸುವವರು ಮಗನನ್ನು ಪರದೇಶಕ್ಕೆ ಕಳುಹಿಸುವ ಮುನ್ನ ಒಂದು ಕಡೆಯಾದರೂ ವಿಚಾರಿಸಬಾರದೇ?

ಸಾಲದಲ್ಲಿ ಸಿಲುಕಿದವರೂ ಝಕಾತ್‌ನ ಹಕ್ಕುದಾರರೆಂಬುದನ್ನು ನಾವು ಮರೆಯಬಾರದು. ಸೋತು ಮರಳಿದ ಅರ್ಹರನ್ನು ಬಡ್ಡಿಯ ಕುಣಿಕೆಯಿಂದ ಬಿಡಿಸುವುದು ಬೈತುಲ್ ಮಾಲ್‌ಗಳ ಕರ್ತವ್ಯ. ಅದರೊಂದಿಗೆ ಅವರಿಗೆ ಮಾತನಾಡುವ ಧೈರ್ಯವನ್ನೂ ಕೊಡಬೇಕು. ಅಲ್ಲಿ ಏನಾಯಿತೆಂದು ಅಂಥವನೊಬ್ಬ ಮಸೀದಿಯ ಅಂಗಳದಲ್ಲಿ ನಿರ್ಭಯವಾಗಿ ಹೇಳಿದರೆ, ಟಿಕೆಟ್ ಕೊಳ್ಳಲು ಹೊರಟ ಇನ್ನೊಬ್ಬ ಅಲ್ಲಿಯೇ ನಿಂತು ಯೋಚಿಸಿಯಾನು.